ಹನ್ನೊಂದು ಮರಿಗಳ ತಾಯಿಯವರಿಗೆ ಎರಡು ಮಕ್ಕಳ ತಾತನ ದೂರು

ಆದ್ದರಿಂದ ಮಾನ್ಯರೇ, ನಾಳೆ ಬೆಳಗಾದರೆ ಬೀಗಿತ್ತಿ ಬಂದು ಮೊಮ್ಮಕ್ಕಳಲ್ಲಿ ಚಿಕ್ಕವನನ್ನು ಸರಗೂರಿಗೆ ಕರೆದುಕೊಂಡು ಹೋಗುತ್ತಾರೆ, ದೊಡ್ಡವಳೊಬ್ಬಳೇ ನನ್ನ ಬಳಿ ಉಳಿಯುತ್ತಾಳೆ, ಇದಕ್ಕೆಲ್ಲ ತಾವೇ ನೇರ ಹೊಣೆ ಎಂದು ನಾನು ನಿನ್ನೆ ಸಂಜೆ ತಿಪ್ಪೆಯ ಪಕ್ಕ ನಿಂತು ಹೇಳುತ್ತಿದ್ದಾಗ, ತಾವು ಎಡಗಾಲಿನಿಂದ ಒಮ್ಮೆ ಕೆರೆದು, ಬಲಗಾಲಿನಿಂದ ಒಮ್ಮೆ ಕೆರೆದು, ಯಾವುದೋ ಹುಳುವನ್ನು ಕಂಡು ನನ್ನ ಕಡೆ ಬೆನ್ನು ಹಾಕಿ ಹೊರಟೇಹೋದಿರಿ. ಬಾಯಿಮಾತಿಗೆ ಬೆಲೆ ಇಲ್ಲವೆಂದು ಗೊತ್ತಾದ ಮೇಲೆ ಬರೆದೇ ಕೊಡಬೇಕಲ್ಲ. ಗುರುಪುರದ ಮೇಲಿನ ಬೀದಿಯ ಕುಳ್ಳಮ್ಮನವರ ಮನೆಯ ಕೆಂಚು ಹೇಂಟೆಯವರೂ, ಹನ್ನೊಂದು ಮರಿಗಳ ಮಾತೆಯವರೂ, ನಮ್ಮ ಅಂಗಳ ತಮ್ಮದೇ ಎಂದು ತಿಳಿದವರೂ ಆದ ತಮಗೆ, ಪಕ್ಕದ ಮನೆಯ ಜಿ.ಪಿ. ಚಿಕ್ಕಮಾದಯ್ಯನು ಜಗುಲಿಯ ಮೇಲೆ ಕೂತು, ಒಂದು ಕಣ್ಣು ಹಾಳೆಯ ಮೇಲೂ ಇನ್ನೊಂದು ಕಣ್ಣು ಅಂಗಳದ ಮೇಲೂ ಇಟ್ಟು ಮಾಡುವ ನಮಸ್ಕಾರಗಳು.

ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು. ಮುಂದಿನದು ಮರೆತಿದೆ, ಕ್ಷಮಿಸಬೇಕು. ನಾನು ಹುಣಸೂರಿನ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷದವರೆಗೂ ಓದಿದವನು. ಅಲ್ಲಿ ಕಲಿತ ಇಂಗ್ಲಿಷಿನಲ್ಲಿ ಅರ್ಜಿಯ ಮೊದಲ ಸಾಲು ಉಳಿದಿದೆ, ಕೊನೆಯ ಸಾಲು ಉಳಿದಿದೆ, ನಡುವಿನದೆಲ್ಲ ಹೊಗೆಸೊಪ್ಪಿನ ಹೊಲದಲ್ಲಿ ಎಲ್ಲೋ ಉದುರಿಹೋಗಿದೆ. ಆದಕಾರಣ ನಡುವಿನದನ್ನು ಕನ್ನಡದಲ್ಲೇ ಅರಿಕೆ ಮಾಡಿಕೊಳ್ಳುತ್ತೇನೆ. ಇದನ್ನು ಬಹಿರಂಗ ಪತ್ರವೆಂದು ಯಾಕೆ ಬರೆಯುತ್ತಿದ್ದೇನೆ ಎಂದರೆ, ತಮ್ಮ ಹೆಸರು ಹಿಡಿದು ನನ್ನನ್ನು ಹಂಗಿಸಿದವರು ಒಬ್ಬಿಬ್ಬರಲ್ಲ, ಅರ್ಧ ಊರು. ಹಂಗಿಸಿದವರಿಗೂ ಓದಿಕೊಳ್ಳಲು ಅನುಕೂಲವಾಗಲಿ ಎಂದು ಒಂದು ಪ್ರತಿಯನ್ನು ಹಾಲಿನ ಡೈರಿಯ ಗೋಡೆಗೆ ಅಂಟಿಸುವವನಿದ್ದೇನೆ.

ನಮ್ಮ ಮನೆಯ ಪರಿಸ್ಥಿತಿ ತಮಗೆ ತಿಳಿಯದ್ದೇನಲ್ಲ, ತಾವು ದಿನಕ್ಕೆ ನಾಲ್ಕು ಸಲ ಅಡುಗೆಮನೆಯವರೆಗೂ ಬಂದು ಹೋಗುವವರು. ಆದರೂ ಡೈರಿಯ ಗೋಡೆಯ ಮುಂದೆ ನಿಲ್ಲುವವರಿಗಾಗಿ ಹೇಳುತ್ತೇನೆ. ನನ್ನ ಸೊಸೆ ಮಧುಶ್ರೀಗೆ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ ಸಿಕ್ಕಿದೆ, ಇನ್ನೂ ಪ್ರೊಬೇಷನ್ನು. ಕೋಳಿ ಕೂಗುವ ಮುಂಚೆಯೇ ಡ್ಯೂಟಿಗೆ ಹೊರಡುತ್ತಾಳೆ. ಹೀಗೆ ಬರೆಯುವುದರಿಂದ ತಮ್ಮ ಯಜಮಾನರು ತಡವಾಗಿ ಏಳುತ್ತಾರೆ ಎಂಬ ಅರ್ಥವನ್ನು ಯಾರೂ ಮಾಡಿಕೊಳ್ಳಬಾರದು. ಮಗ ಯತೀಶ್ ಟೆಂಪೊದಲ್ಲಿ ಕೇರಳಕ್ಕೆ ಶುಂಠಿ, ತರಕಾರಿ ಲೋಡು ಹೊಡೆಯುತ್ತಾನೆ. ಮನೆಯಲ್ಲಿದ್ದರೆ ಮಲಗಿರುತ್ತಾನೆ, ಎದ್ದನೆಂದರೆ ಹೊರಟಿರುತ್ತಾನೆ. ನಮ್ಮ ಮನೆಯವರಾದ ಸುಂದ್ರಮ್ಮನವರು ನನಗಿಂತ ಮುಂಚೆ ಹೊರಟುಹೋದರು. ಉಳಿದವನು ನಾನು. ನನ್ನ ವಶಕ್ಕೆ ಬಂದಿರುವವರು ನಾಲ್ಕು ತುಂಬದ ಮೊಮ್ಮಗಳು ಅನುಶ್ರೀ, ಮತ್ತು ಓಡುವುದನ್ನು ಕಲಿತು ನಿಲ್ಲುವುದನ್ನು ಇನ್ನೂ ಕಲಿಯದ ಅವಳ ತಮ್ಮ.

ಅಂಗನವಾಡಿಗೆ ಕಳಿಸಬಾರದೇ ಎಂದು ಕೇಳುವವರಿದ್ದಾರೆ. ಚಿಕ್ಕವನನ್ನು ವಯಸ್ಸು ಸಾಲದೆಂದು ಅಲ್ಲಿ ಸೇರಿಸಿಕೊಳ್ಳುವುದಿಲ್ಲ, ದೊಡ್ಡವಳು ಚಿಕ್ಕವನಿಲ್ಲದೆ ಅಲ್ಲಿ ಕೂರುವುದಿಲ್ಲ. ಒಂದು ದಿನ ಬಿಟ್ಟು ಬಂದೆ. ನಾನು ಮನೆ ತಲುಪುವುದರೊಳಗೆ ಅವಳು ಇನ್ನೊಂದು ಬೀದಿಯಿಂದ ಬಂದು ಜಗುಲಿಯ ಮೇಲೆ ಕೂತು, ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ದೆ ಎಂದು ನನ್ನನ್ನೇ ವಿಚಾರಿಸಿಕೊಂಡಳು.

ಇನ್ನು ಚಿಕ್ಕವನ ವಿಷಯದಲ್ಲಿ ನನಗೊಂದು ವಿಶೇಷ ತೊಡಕಿದೆ, ಅದನ್ನು ತಾವು ಸಹಾನುಭೂತಿಯಿಂದ ಪರಿಶೀಲಿಸಬೇಕು. ದಾಖಲೆಯಲ್ಲಿ ಅವನಿಗೆ ಏನೋ ಹೊಸ ಕಾಲದ ಹೆಸರಿದೆ, ಆದರೆ ಸುಂದ್ರಮ್ಮನವರ ಆಸೆಯಂತೆ ಮನೆಯಲ್ಲಿ ಕರೆಯುವುದು ಪುಟ್ಟಸ್ವಾಮಿ ಎಂದು, ಅಂದರೆ ನನ್ನ ತಂದೆಯವರ ಹೆಸರು. ಹೆತ್ತ ತಂದೆಯ ಹೆಸರು ಹಿಡಿದು ಕರೆಯುವುದು ನಮ್ಮಲ್ಲಿಲ್ಲ, ಇನ್ನು ಬೈಯುವುದು ಎಲ್ಲಿಂದ ಬಂತು. ನಾನು ಅವನನ್ನು ಅಯ್ಯ ಎಂದೇ ಕರೆಯಬೇಕು, ಬಹುವಚನದಲ್ಲೇ ಮಾತಾಡಬೇಕು. ಅವನು ನೀರಿನ ತೊಟ್ಟಿಗೆ ನನ್ನ ಕನ್ನಡಕ ಹಾಕಿ ತಾನೂ ಇಳಿದರೆ ನಾನು ಕೈಕಟ್ಟಿ ನಿಂತು, ಅಯ್ಯ, ದಯಮಾಡಿ ಹೊರಗೆ ಬನ್ನಿ, ಬಾಯಲ್ಲಿರುವ ಗೋಲಿಯನ್ನು ಉಗಿಯಿರಿ, ಚಡ್ಡಿ ಹಾಕಿಕೊಳ್ಳೋಣ ಎಂದು ಬೇಡಿಕೊಳ್ಳಬೇಕು. ಅವನೂ ನಮ್ಮ ತಂದೆಯವರ ಹಾಗೆಯೇ, ಕೇಳಿಸಿದರೂ ಕೇಳಿಸದವರಂತೆ ಹೊರಟುಹೋಗುತ್ತಾನೆ.

ಸೈಮಲ್ಟೇನಿಯಸ್ ಎಂದೊಂದು ಇಂಗ್ಲಿಷ್ ಪದವಿದೆ, ಮಾನ್ಯರೇ. ಎಕನಾಮಿಕ್ಸ್ ಲೆಕ್ಚರರು ಅದನ್ನು ಬೋರ್ಡಿನ ಈ ತುದಿಯಿಂದ ಆ ತುದಿಯವರೆಗೆ ಬರೆದಿದ್ದರು, ಆಗ ಅರ್ಥವಾಗಿರಲಿಲ್ಲ. ಒಬ್ಬಳು ರಸ್ತೆಯ ಕಡೆಗೂ ಒಬ್ಬ ಬಚ್ಚಲ ಒಲೆಯ ಕಡೆಗೂ ಒಂದೇ ಉಸಿರಿಗೆ ಓಡಿದಾಗ ಅರ್ಥವಾಯಿತು. ಒಬ್ಬ ಮಲಗಿದ ಎಂದು ನಾನು ಕಾಲು ಚಾಚುವುದಕ್ಕೂ ಇನ್ನೊಬ್ಬಳಿಗೆ ಹಸಿವಾಗುವುದಕ್ಕೂ ಸರಿಹೋಗುತ್ತದೆ. ಅವಳಿಗೆ ಉಣ್ಣಿಸಿ ಕೈ ತೊಳೆದರೆ ಅವನು ಎದ್ದು, ಅವಳ ತಟ್ಟೆಯಲ್ಲಿದ್ದದ್ದೇ ತನಗೂ ಬೇಕು, ಅದೇ ತಟ್ಟೆಯಲ್ಲೇ ಬೇಕು, ಅವಳು ಅಗಿಯುತ್ತಿರುವ ತುತ್ತೇ ಬೇಕು ಎನ್ನುತ್ತಾನೆ. ಕ್ಯಾಂಪಿನ ಟಿಬೆಟಿಯನ್ನರ ಅಂಗಡಿಯಲ್ಲಿ ಇಬ್ಬರಿಗೂ ಒಂದೇ ಬಣ್ಣದ ಸ್ವೆಟರ್ ತಂದರೆ ಜಗಳ ತಪ್ಪುತ್ತದೆಂದು ತಂದೆ. ಇಬ್ಬರೂ ದೊಡ್ಡ ಸ್ವೆಟರಿನೊಳಗೇ ಸೇರಿಕೊಂಡು, ತಲಾ ಒಂದು ತೋಳು ಹಾಕಿಕೊಂಡು, ಒಬ್ಬರು ಏಳಲು ಒಬ್ಬರು ಕೂರಲು ಹೊರಟು, ಇಬ್ಬರೂ ಉರುಳಿಬಿದ್ದು ಅತ್ತರು. ಹಾಲು ಯಾರು ಚೆಲ್ಲಿದ್ದು ಎಂದು ಕೇಳಿದರೆ ಅನುಶ್ರೀ ಬಹಳ ಗಂಭೀರವಾಗಿ "ಚೆಲ್ಲೋಯ್ತು ತಾತ" ಎನ್ನುತ್ತಾಳೆ. ನಾನು ಕಾಲೇಜಿನಲ್ಲಿ ವರ್ಷವಿಡೀ ಕಲಿತರೂ ಬಾರದ ಪ್ಯಾಸಿವ್ ವಾಯ್ಸು ಅವಳಿಗೆ ಹುಟ್ಟುತ್ತಲೇ ಬಂದಿದೆ.

ಇಂಥ ಹೊತ್ತಿನಲ್ಲಿ ತಾವು ಬರುತ್ತೀರಿ. ಹನ್ನೊಂದು ಮರಿಗಳನ್ನು ಹಿಂದೆ ಕಟ್ಟಿಕೊಂಡು, ಕತ್ತು ನೆಟ್ಟಗೆ ಮಾಡಿಕೊಂಡು, ಮದುವೆ ಮನೆಗೆ ಬಂದ ದೊಡ್ಡ ಮನೆತನದವರಂತೆ ನಮ್ಮ ಅಂಗಳದ ನಟ್ಟನಡುವೆ ನಡೆಯುತ್ತೀರಿ. ಒಂದು ಸಲ ಕೊಕ್ ಎಂದರೆ ಅಷ್ಟೂ ಮರಿಗಳು ಬಂದವು, ಇನ್ನೊಂದು ಥರ ಕೊಕ್ ಎಂದರೆ ಅಷ್ಟೂ ರೆಕ್ಕೆಯ ಕೆಳಗೆ ಸೇರಿದವು. ಯಾರೂ ಯಾರ ತುತ್ತಿಗೂ ಅಳುವುದಿಲ್ಲ. ತಾವು ಒಲೆ ಹಚ್ಚುವುದಿಲ್ಲ, ಬಟ್ಟೆ ಒಗೆಯುವುದಿಲ್ಲ, ಮರಿಗಳಿಗೆ ಚಡ್ಡಿ ಹಾಕುವ ಪ್ರಶ್ನೆಯೇ ಇಲ್ಲ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕುಳ್ಳಮ್ಮನವರು ಹೊಗೆಸೊಪ್ಪು ಕಟ್ಟಲು ಹೋಗುವಾಗ ದಿನಾ ನಮ್ಮ ಬಾಗಿಲಲ್ಲಿ ನಿಂತು, "ನೋಡಿ ಮಾದಣ್ಣ, ನಮ್ ಕೆಂಚಿ ಅನ್ನೊಂದು ಪಿಳ್ಳೆ ಕಟ್ಕಂಡು ಎಂಗೆ ಓಡಾಡ್ತಾಳೆ. ಓದ್ದೋರು ನೀವು, ಎಲ್ಡು ಐಕ್ಳ ನೋಡ್ಕಳಕಾಗಕಿಲ್ವಾ" ಎಂದು ಕೇಳಿ ಹೋಗುತ್ತಾರೆ. ಅವರು ಹೇಳಿದ್ದನ್ನು ಡೈರಿಯಲ್ಲಿ ಇನ್ನೊಬ್ಬರು ಹೇಳುತ್ತಾರೆ. ಹಾಲು ಹಾಕಲು ನಾನು ಒಂದು ಕೈಯಲ್ಲಿ ಕ್ಯಾನು, ಒಂದು ಕೈಯಲ್ಲಿ ಅನುಶ್ರೀ, ಹೆಗಲ ಮೇಲೆ ನಮ್ಮ ತಂದೆಯವರನ್ನು ಹೊತ್ತು ಹೋದರೆ, ಸಾಲಿನಲ್ಲಿ ನಿಂತವರು ದಾರಿ ಬಿಡುವುದಿಲ್ಲ, ಕೆಂಚಿಯ ಕತೆ ಹೇಳುತ್ತಾರೆ.

ಅಷ್ಟಕ್ಕೇ ಮುಗಿದಿದ್ದರೆ ನಾನು ಸುಮ್ಮನಿರುತ್ತಿದ್ದೆ. ತಾವು ನಮ್ಮ ಚಿಕ್ಕವನನ್ನೂ ಸೆಳೆದುಕೊಂಡಿರಿ. ತಾನೂ ತಮ್ಮ ಸಂಸಾರದವನೇ ಎಂದು ತಿಳಿದು ಅವನು ಮರಿಗಳ ಸಾಲಿನ ಕೊನೆಯಲ್ಲಿ ನಡೆಯತೊಡಗಿದ, ಅವುಗಳ ನಡುವೆ ಕುಕ್ಕರುಗಾಲಿನಲ್ಲಿ ಕೂತು ನುಚ್ಚು ತಿನ್ನತೊಡಗಿದ. ನಾನು ಕೊಟ್ಟ ಅನ್ನವನ್ನು ಉಗಿಯುವವನು ತಮ್ಮ ನುಚ್ಚನ್ನು ಉಗಿಯಲಿಲ್ಲ. ಅಡುಗೆಯ ವಿಷಯದಲ್ಲಿ ಇದಕ್ಕಿಂತ ದೊಡ್ಡ ಅವಮಾನ ನನಗಾಗಿಲ್ಲ. ನಾನೂ ತಮ್ಮ ದಾರಿಯನ್ನೇ ಹಿಡಿಯೋಣವೆಂದು ಬೆಳಗಿನಿಂದ ಮಧ್ಯಾಹ್ನದವರೆಗೆ ಕೊಕ್ ಎಂದು ನೋಡಿದೆ. ಮಕ್ಕಳು ಬರಲಿಲ್ಲ, ತಮ್ಮ ಯಜಮಾನರು ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿ ಹೋದರು. ಆಮೇಲೆ ಮಧುಶ್ರೀಯ ಹಳೆಯ ಸೀಟಿ ಸಿಕ್ಕಿತು. ಒಂದು ಸೀಟಿಗೆ ನಿಲ್ಲಬೇಕು, ಎರಡಕ್ಕೆ ಹೊರಡಬೇಕು ಎಂದು ಮಕ್ಕಳಿಗೆ ತಿಳಿಸಿದೆ. ಅಂದಿನ ಸಂಜೆಯೊಳಗೆ ಸೀಟಿ ಅವರ ಕೈಯಲ್ಲಿತ್ತು, ನಿಲ್ಲುವವನೂ ಹೊರಡುವವನೂ ನಾನಾಗಿದ್ದೆ.

ಈಗ ಮಂಕರಿಯ ವಿಷಯಕ್ಕೆ ಬರುತ್ತೇನೆ. ಬಿಸಿಲೇರಿ ಹದ್ದು ಸುತ್ತತೊಡಗಿದರೆ ಕುಳ್ಳಮ್ಮನವರು ತಮ್ಮನ್ನೂ ತಮ್ಮ ಮಕ್ಕಳನ್ನೂ ಕೂಡಿಸಿ, ಮೇಲೆ ಮಂಕರಿ, ಅಂದರೆ ಬಿದಿರಿನ ದೊಡ್ಡ ಬುಟ್ಟಿ ಕವುಚಿ, ಗಾಳಿಗೆ ಉರುಳದ ಹಾಗೆ ಒಂದು ಕಲ್ಲು ಹೇರಿ ಹೋಗುತ್ತಾರೆ. ತಾವು ಒಳಗಿನಿಂದ ಆ ಸಂದಿಗಳಲ್ಲಿ ಲೋಕವನ್ನು ನೋಡುತ್ತ ತಣ್ಣಗೆ ಕೂತಿರುತ್ತೀರಿ. ನಮ್ಮಲ್ಲಿ ಯತೀಶ್ ಶುಂಠಿ ತುಂಬಲು ತಂದಿಟ್ಟಿದ್ದ ದೊಡ್ಡದೊಂದು ಹೊಸ ಮಂಕರಿಯಿತ್ತು. ಅಂದು ಒಲೆಯ ಮೇಲೆ ಹಿಟ್ಟು ಬೇಯುತ್ತಿತ್ತು. ಮುದ್ದೆ ತಿರುವಬೇಕಾದರೆ ಎರಡು ಕೈ ಬೇಕು, ಕಾಲಿನಲ್ಲಿ ಪಾತ್ರೆ ಒತ್ತಿ ಹಿಡಿಯಬೇಕು, ಮಕ್ಕಳಿಗೆಂದು ನನ್ನಲ್ಲಿ ಯಾವ ಅವಯವವೂ ಉಳಿಯುವುದಿಲ್ಲ. ಅನುಶ್ರೀಯೇ ಮಂಕರಿ ಎಳೆದು ತಂದು, "ತಾತ, ನಾವೂ ಕೋಳಿ ಪಿಳ್ಳೆ, ಕವುಚು" ಎಂದಳು. ಕವುಚಿದೆ. ಇಬ್ಬರೂ ಮಂಡಿ ಮಡಚಿ ಸರಿಯಾಗಿ ಹಿಡಿಸಿದರು. "ಕಲ್ಲು ಮಡಗು, ಇಲ್ದಿದ್ರೆ ಕೋಳಿ ಮನೆ ಆಗಕಿಲ್ಲ" ಎಂದು ಒಳಗಿನಿಂದ ಅಪ್ಪಣೆಯಾಯಿತು. ಚಿಕ್ಕದೊಂದು ಕಲ್ಲನ್ನೂ ಮಡಗಿದೆ. ಮಾನ್ಯರೇ, ಆವತ್ತಿನಂಥ ಮುದ್ದೆಯನ್ನು ನಾನು ಈ ಜನ್ಮದಲ್ಲಿ ತಿರುವಿಲ್ಲ, ಒಂದು ಗಂಟಿರಲಿಲ್ಲ. ಒಳಗಿನಿಂದ ಇಬ್ಬರೂ ಕಿಲಕಿಲ ನಗುತ್ತಿದ್ದರು.

ಬೀಗಿತ್ತಿ ಭಾಗ್ಯಮ್ಮನವರು, ಅಂದರೆ ಮಧುಶ್ರೀಯ ತಾಯಿ, ಹೇಳದೆ ಕೇಳದೆ ಸರಗೂರಿನಿಂದ ಮೊಮ್ಮಕ್ಕಳನ್ನು ನೋಡಲು ಬಂದು ಆಟೋ ಇಳಿದದ್ದು ಆ ಹೊತ್ತಿಗೇ. ಅವರು ಕಂಡದ್ದು ಇಷ್ಟು: ಅಂಗಳದಲ್ಲಿ ಕವುಚಿದ ಮಂಕರಿ, ಅದರ ಮೇಲೆ ಕಲ್ಲು, ಸಂದಿಯಿಂದ ಹೊರಗೆ ಬಂದಿರುವ ಒಂದು ಪುಟ್ಟ ಕೈ, ಪಕ್ಕದಲ್ಲೇ ಇನ್ನೊಂದು ಮಂಕರಿಯಡಿ ತಾವು ಸಂಸಾರ ಸಮೇತ. "ಏನ್ ಬೀಗ್ರೇ ಇದು, ನನ್ ಮೊಮ್ಮಕ್ಳನ್ನ ಸಂತೆಗೆ ತಕ್ಕೊಂಡೋಗಕ್ಕೆ ಕಟ್ಟಿ ಮಡಗಿದ್ದೀರಾ" ಎಂದರು. ನಾನು ಕೈಯಲ್ಲಿ ಮುದ್ದೆಕೋಲು ಹಿಡಿದು ಹೊರಗೆ ಬಂದದ್ದೂ ನನಗೆ ಅನುಕೂಲವಾಗಲಿಲ್ಲ. ಈ ಕ್ರಮವನ್ನು ನಾನು ಪಕ್ಕದ ಮನೆಯ ಹೇಂಟೆಯವರಿಂದ ಕಲಿತದ್ದು ಎಂದು ವಿವರಿಸಿದೆ. ಆ ಹೊತ್ತಿನಲ್ಲಿ ತಾವು ಒಂದು ಕೊಕ್ ಎಂದಿದ್ದರೂ ಸಾಕ್ಷಿಯಾಗುತ್ತಿತ್ತು. ತಾವು ಕಣ್ಣು ಮುಚ್ಚಿಕೊಂಡಿರಿ.

ತೀರ್ಮಾನ ಅಂದೇ ಆಯಿತು. ವಯಸ್ಸಾದ ಗಂಡಸು, ಹಗಲು ಹೊತ್ತು ಮನೆಯಲ್ಲಿ ಹೆಂಗಸು ಇಲ್ಲ, ಎರಡು ಕೈಗೂಸುಗಳನ್ನು ನೋಡಿಕೊಳ್ಳುವುದು ಇವರಿಂದ ಆಗುವ ಮಾತಲ್ಲ. ಚಿಕ್ಕವನು ಶಾಲೆಗೆ ಸೇರುವವರೆಗೆ ಸರಗೂರಿನಲ್ಲಿರಲಿ, ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಬೀಗಿತ್ತಿ ಹೇಳಿ ಹೋದರು. ಕುಳ್ಳಮ್ಮನವರು ಸಮಾಧಾನ ಹೇಳಲು ಬಂದರು. ತಾವು ಕೆಳಗಿನ ಬೀದಿ ತಿಮ್ಮಮ್ಮನವರ ಕೋಳಿ, ಕುಳ್ಳಮ್ಮನವರು ಪಾಲಿಗೆ ಸಾಕುತ್ತಿರುವುದು, ಮರಿ ದೊಡ್ಡವಾದರೆ ಅರ್ಧ ಅವರಿಗೆ ಅರ್ಧ ಇವರಿಗೆ ಎಂಬುದು ಊರಿಗೆಲ್ಲ ಗೊತ್ತು. "ಪಾಲಿಗೆ ಬುಟ್ಟಂಗೆ ಅನ್ಕಳಿ ಮಾದಣ್ಣ, ಒಂದು ಅವ್ರಿಗೆ ಒಂದು ನಿಮ್ಗೆ, ಇದ್ರಲ್ಲಿ ಬೇಜಾರೇನು" ಎಂದರು. ಹನ್ನೊಂದನ್ನು ಅರ್ಧ ಮಾಡಿದರೆ ಉಳಿಯುವ ಒಂದು ಮರಿಯ ಗತಿ ಏನು ಎಂದು ನಾನು ಕೇಳಿದೆ. ಅವರು ತುಟಿ ಚಪ್ಪರಿಸಿದರು.

ನಿನ್ನೆ ಡ್ಯೂಟಿ ಮುಗಿಸಿ ಬಂದ ಮಧುಶ್ರೀ ಚಿಕ್ಕವನ ಬಟ್ಟೆಗಳನ್ನು ಚೀಲಕ್ಕೆ ತುಂಬಲು ಕೂತಳು. ಒಂದೇ ಅಂಗಿಯನ್ನು ಮಡಚುವುದು, ಬಿಚ್ಚುವುದು, ಮತ್ತೆ ಮಡಚುವುದು. ಚೀಲ ತುಂಬಲೇ ಇಲ್ಲ. ಕೊನೆಗೆ ತಲೆಯೆತ್ತದೆ, "ಕೆಲ್ಸ ಬುಟ್ಬುಡ್ಲಾ ಮಾವ" ಎಂದಳು. ಎಷ್ಟು ಓದಿ, ಎಷ್ಟು ಓಡಾಡಿ ಹಿಡಿದ ಕೆಲಸ ಅದು, ಆ ಖಾಕಿ ಅಂಗಿ ಮೊದಲ ಸಲ ಹಾಕಿಕೊಂಡ ದಿನ ಕನ್ನಡಿಯ ಮುಂದೆ ಅವಳು ನಿಂತದ್ದನ್ನು ನಾನು ಕಂಡಿದ್ದೇನೆ. "ಬುಡಬ್ಯಾಡ ಕಣವ್ವ, ನಾನಿವ್ನಿ" ಎಂದೆ. ಹಾಗೆಂದೆನೇ ಹೊರತು, ನಾನು ಇದ್ದು ಏನು ಮಾಡಬಲ್ಲೆ ಎಂಬುದು ಗೊತ್ತಿರಲಿಲ್ಲ. ಬೀಗಿತ್ತಿಗೆ ಹೇಳಬೇಕಾದ ಮಾತನ್ನು ಹಾಸಿಗೆಯಲ್ಲಿ ಬಿದ್ದುಕೊಂಡು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಜೋಡಿಸಿದೆ. ವಿತ್ ಡ್ಯೂ ರೆಸ್ಪೆಕ್ಟ್ ಎಂದೇ ಶುರುಮಾಡುವುದೆಂದು ನಿಶ್ಚಯಿಸಿದೆ.

ಈ ಬೆಳಿಗ್ಗೆ ಭಾಗ್ಯಮ್ಮನವರು ಬಂದರು. ಆಟೋ ಬಾಗಿಲಲ್ಲೇ ನಿಂತಿತ್ತು. ಚಕ್ಕುಲಿ ತೋರಿಸಿದ ಕೂಡಲೇ ಚಿಕ್ಕವನು ಅವರ ಕಂಕುಳಿಗೆ ಏರಿದ. ಚಕ್ಕುಲಿ ಇದ್ದವರ ಜೊತೆ ಅವನು ಕೇರಳದವರೆಗೂ ಹೋಗುವವನು. ನಾನು ಗಂಟಲು ಸರಿಮಾಡಿಕೊಂಡು ನಿಂತಿದ್ದೆ, ಮೊದಲ ಮಾತು ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಅನುಶ್ರೀ ಒಳಗಿನಿಂದ ಚಪ್ಪಲಿ ಹಾಕಿಕೊಂಡು, ಎಡದ್ದು ಬಲಕ್ಕೆ ಬಲದ್ದು ಎಡಕ್ಕೆ, ನೇರವಾಗಿ ಹೋಗಿ ಆಟೋದ ಸೀಟಿನಲ್ಲಿ ಕೂತಳು. ನೀನು ಇಲ್ಲೇ ಇರಬೇಕು ಕಂದ, ತಾತ ಒಬ್ಬನೇ ಆಗುತ್ತಾನೆ ಎಂದು ಅವಳ ಅಜ್ಜಿ ಹೇಳಿದರು. ಅವಳು ಅಳಲಿಲ್ಲ. ಕಂಡಕ್ಟರ್ ಮಗಳಲ್ಲವೇ, ವಿಷಯ ತಿಳಿಸಿದಳು. "ಇವ್ನು ಗ್ವಾಡೆ ಕಡೆ ತಿರುಗ್ ನಿಂತ್ಕಂಡ್ರೆ ಕಕ್ಕ ಬಂದದೆ ಅಂತ. ನಿಂಗೆ ಗೊತ್ತಾಯ್ತದಾ ಅಜ್ಜಿ" ಎಂದಳು. ಇದು ನನಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಎಷ್ಟೋ ಅನಾಹುತಗಳ ಕಾರಣ ಆ ಕ್ಷಣದಲ್ಲಿ ಹೊಳೆಯಿತು. ಆಮೇಲೆ ತನ್ನ ಮೋಟು ಜಡೆಯನ್ನು ಮುಂದಕ್ಕೆ ಎಳೆದುಕೊಂಡು, "ಇದ್ನ ಇಡ್ಕಂಡ್ರೇನೆ ಅವ್ನು ಮಲ್ಗದು. ಜಡೆ ಇಲ್ಲೇ ಬುಟ್ಟು ಅವ್ನ ಎಂಗೆ ಕರ್ಕೊಂಡೋಯ್ತೀಯ" ಎಂದು ಕೇಳಿದಳು.

ಭಾಗ್ಯಮ್ಮನವರು ನನ್ನನ್ನು ನೋಡಿದರು, ನಾನು ಜಡೆಯನ್ನು ನೋಡಿದೆ. ಆಟೋದವನು ಮೀಸೆಯಡಿ ನಕ್ಕು, "ಬತ್ತೀರೋ ಇಲ್ವೋ ಅಮ್ಮ" ಎಂದ. ಹಾಗಾದರೆ ಇಬ್ಬರನ್ನೂ ಕರೆದುಕೊಂಡು ಹೋಗುತ್ತೇನೆ ಎಂದು ಬೀಗಿತ್ತಿ ಒಂದು ಕಾಲನ್ನು ಆಟೋದೊಳಗೆ ಇಟ್ಟರು. ಅಷ್ಟು ಹೊತ್ತಿಗೆ ಚಿಕ್ಕವನು ಅವರ ಕಿವಿಯ ಓಲೆ ಹಿಡಿದು ಎಳೆಯುತ್ತಿದ್ದ, ದೊಡ್ಡವಳು ಆಟೋದ ಹಾರ್ನ್ ಒತ್ತಲು ಮುಂದಿನ ಸೀಟಿಗೆ ಹತ್ತಿದ್ದಳು, ಚಕ್ಕುಲಿಯ ಚೀಲ ಚರಂಡಿಯ ಪಕ್ಕ ಬಿದ್ದು ತಾವೂ ತಮ್ಮ ಮಕ್ಕಳೂ ಅದರ ಮೇಲೆರಗಿದಿರಿ. ಬೀಗಿತ್ತಿ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು. ಜಗುಲಿಯ ಮೇಲೆ ಕೂತು ಸ್ವಲ್ಪ ನೀರು ಕುಡಿದರು. "ಒಂದಾದ್ರೆ ನೋಡ್ಕತಿದ್ದೆ ಬೀಗ್ರೇ. ಎಲ್ಡೂನೂವೆ ನನ್ ಕೈಲಾಗಕಿಲ್ಲ, ಮಂಡಿ ನೋವು. ನೀವೇ ಎಂಗೋ ಮಾಡ್ಕಳಿ. ಆದ್ರೆ ಆ ಮಂಕರಿ ಮಾತ್ರ ಅಟ್ಟದ ಮ್ಯಾಲೆ ಮಡಗ್ಬುಡಿ" ಎಂದರು.

ಗೆದ್ದವನು ನಾನಲ್ಲ, ಮಾನ್ಯರೇ. ಎರಡು ಮಕ್ಕಳನ್ನು ಒಟ್ಟಿಗೆ ನೋಡಿಕೊಳ್ಳುವುದು ಯಾರ ಕೈಯಲ್ಲೂ ಆಗುವುದಿಲ್ಲ, ಒಂದರಿಂದ ಒಂದನ್ನು ಬಿಡಿಸಲೂ ಬರುವುದಿಲ್ಲ, ಆದ್ದರಿಂದ ಎರಡೂ ನನ್ನ ಹತ್ತಿರವೇ ಇರಬೇಕು: ನನ್ನ ಯೋಗ್ಯತೆ ಇರುವುದು ಇಷ್ಟೇ. ಆದರೂ ಬೀಗಿತ್ತಿ ಹೋದ ಮೇಲೆ ಮಧುಶ್ರೀಗೆ ಫೋನ್ ಮಾಡಿದೆ. ಅವಳು ಪಿರಿಯಾಪಟ್ಟಣದ ಸ್ಟ್ಯಾಂಡಿನಿಂದ ಆಗತಾನೆ ಹೊರಟಿದ್ದಳು, ಗದ್ದಲವಿತ್ತು. ಇಬ್ಬರೂ ಇಲ್ಲೇ ಇದ್ದಾರೆ ಎಂದೆ. ಆ ಕಡೆಯಿಂದ "ರೈಟ್, ರೈಟ್" ಎಂದು ಅವಳು ಡ್ರೈವರಿಗೆ ಕೂಗಿದ್ದು ಕೇಳಿಸಿತು. ಅಷ್ಟು ಜೋರಾಗಿ ಅವಳು ಕೂಗಿದ್ದನ್ನು ನಾನು ಕೇಳಿರಲಿಲ್ಲ, ಆ ಬಸ್ಸಿನವರೂ ಕೇಳಿರಲಾರರು.

ಆದಕಾರಣ ತಮ್ಮಲ್ಲಿ ನನ್ನ ವಿನಂತಿ ಏನೆಂದರೆ, ತಾವು ಇನ್ನು ಮೇಲೆ ನಮ್ಮ ಬಾಗಿಲ ಮುಂದೆ ಬರುವಾಗ ಹನ್ನೊಂದನ್ನೂ ಕರೆತರಬಾರದು, ಎರಡನ್ನು ಮಾತ್ರ ಕರೆತಂದು ಉಳಿದವನ್ನು ತಮ್ಮ ಯಜಮಾನರ ವಶಕ್ಕೆ ಬಿಡಬೇಕು, ಅವರೂ ಸ್ವಲ್ಪ ಕಲಿಯಲಿ. ವಾರಕ್ಕೊಂದು ದಿನವಾದರೂ ತಮ್ಮ ಮರಿಗಳು ತಮ್ಮ ಮಾತು ಕೇಳಬಾರದು, ಅದನ್ನು ಕುಳ್ಳಮ್ಮನವರು ಕಣ್ಣಾರೆ ನೋಡಬೇಕು. ಬಲಗಡೆಯ ರೆಕ್ಕೆಯನ್ನು ಮಧ್ಯಾಹ್ನದ ಹೊತ್ತು, ತಮಗೆ ಬೇಡದಾಗ, ನನಗೆ ಎರವಲು ಕೊಟ್ಟರೆ ಜೋಪಾನವಾಗಿ ಹಿಂದಿರುಗಿಸುತ್ತೇನೆ. ಇದರ ಜೊತೆಗೆ ಇನ್ನೂ ಒಂದು ಮುಖ್ಯವಾದ ವಿಷಯ ಬರೆಯಬೇಕೆಂದಿದ್ದೆ, ಸುಂದ್ರಮ್ಮನವರು ಇದನ್ನೆಲ್ಲ ನಿಭಾಯಿಸುತ್ತಿದ್ದ ರೀತಿ ತಮಗೇನಾದರೂ ನೆನಪಿದೆಯೇ, ತಮ್ಮ ತಾಯಿಯವರ ಕಾಲದಲ್ಲಿ ಅವರು ಇದೇ ಅಂಗಳದಲ್ಲಿ ಒಂದು ಕಾಲಿನಿಂದ ತೊಟ್ಟಿಲು ತೂಗುತ್ತ

ಅಕ್ಷರ ಕಾಣಿಸುತ್ತಿಲ್ಲ. ಬೆಳಕು ಹೋಗಿಯೇ ಬಿಟ್ಟಿದೆ, ನಾನು ಈಗ ತಲೆಯೆತ್ತಿ ನೋಡಿದೆ. ತಾವು ಆಗಲೇ ಸಂಸಾರವನ್ನು ಒಳಗೆ ಸೇರಿಸಿಕೊಂಡಿದ್ದೀರಿ. ನಮ್ಮವರಿಬ್ಬರೂ ಅಂಗಳದ ಆ ತುದಿಯಲ್ಲಿದ್ದಾರೆ. ಚಿಕ್ಕವನು ಗೋಡೆಯ ಕಡೆ ತಿರುಗಿ ನಿಂತಿದ್ದಾನೆ, ಅವನಕ್ಕ ನನ್ನನ್ನು ಕೂಗುತ್ತಿದ್ದಾಳೆ. ಹೋಗಬೇಕು.

ತಮ್ಮ ವಿಶ್ವಾಸಿ, ಮೋಸ್ಟ್ ಒಬೀಡಿಯೆಂಟ್ಲಿ,
ಜಿ.ಪಿ. ಚಿಕ್ಕಮಾದಯ್ಯ
ಮೇಲಿನ ಬೀದಿ, ಗುರುಪುರ

ವಿ.ಸೂ.: ಬೀಗಿತ್ತಿಗೆ ಬರಿಗೈಯಲ್ಲಿ ಹೋದ ಬೇಸರ ಇರಬಾರದೆಂದು ಮುಂದಿನ ತಿಂಗಳು ಒಂದು ಭಾನುವಾರ ಊಟಕ್ಕೆ ಕರೆದಿದ್ದೇನೆ. ಬೀಗರಿಗೆ ನಾಟಿ ಕೋಳಿ ಸಾರು ಮಾಡದಿದ್ದರೆ ಮರ್ಯಾದೆಯಲ್ಲ. ಮರಿಗಳು ಹಿಂದೆ ಸುತ್ತುವವರೆಗೆ ಹೇಂಟೆಯನ್ನು ಯಾರೂ ಮುಟ್ಟುವುದಿಲ್ಲ ಎಂದು ಕುಳ್ಳಮ್ಮನವರು ಹೇಳಿದರು, ಬಹಳ ಒಳ್ಳೆಯ ಪದ್ಧತಿ. ತಮ್ಮ ಮರಿಗಳಿಗೆ ರೆಕ್ಕೆ ಬಲಿಯುತ್ತಿರುವುದನ್ನು ಕಂಡು ಸಂತೋಷವಾಯಿತು.